ಲೇತ್ ಯಂತ್ರದ ದೈನಂದಿನ ನಿರ್ವಹಣೆ ಮತ್ತು ಹೊಂದಾಣಿಕೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಲೋಹವನ್ನು ಕಡೆಯುವ ಲೇತ್ ಯಂತ್ರವನ್ನು ಅವಲಂಬಿಸಿ ರಾಜ್ಯದ ಅನೇಕ ಕಿರು ಘಟಕಗಳು ಕಾರ್ಯನಿರ್ವಹಿಸುತ್ತಿವೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಮಂಗಳೂರಿನ ಬೈಕಂಪಾಡಿ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆರಡು ಲೇತ್‌ಗಳನ್ನೇ ಬಂಡವಾಳವಾಗಿ ಹೊಂದಿರುವ ಉದ್ದಿಮೆದಾರರನ್ನು ಕಾಣಬಹುದು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಹಾಗೂ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಗಳ ಲೇತ್‌ಗಳು ಹಲವು ಕೈ ಬದಲಾಯಿಸಿ ಇಂದಿಗೂ ದುಡಿಯುತ್ತಿವೆ. ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದರೂ ಅದರ ಯಂತ್ರಗಳು ಮಾತ್ರ ನಿವೃತ್ತಿ ಹೊಂದಿಲ್ಲ.

ಯಂತ್ರ ಖರೀದಿಗಾಗಿ ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು, ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎರಡು ವರ್ಷ ಅವಧಿಯ ಟರ್ನರ್ ವೃತ್ತಿಗೆ ಪ್ರವೇಶ ಬಯಸುವವರು ಹಾಗೂ ಹಳೆಯ ಯಂತ್ರ ಕೊಂಡು ಸ್ವಂತ ಘಟಕ ಆರಂಭಿಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಇಲ್ಲಿ ವಿವರಿಸಿರುವುದು ಕೈಯಿಂದ ನಡೆಸುವ ಸಾಮಾನ್ಯ ಸೆಂಟರ್ ಲೇತ್‌ಗೆ ಸಂಬಂಧಿಸಿದ್ದು, ಗಣಕ ನಿಯಂತ್ರಿತ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಯಂತ್ರದೊಂದಿಗೆ ತಯಾರಕರ ಕೈಪಿಡಿ ಲಭ್ಯವಿದ್ದಲ್ಲಿ ಅದರ ಸೂಚನೆಗಳೇ ಅಂತಿಮ.

ನಿಖರತೆ ಏಕೆ ಮುಖ್ಯ

ಕಿರು ಘಟಕಗಳು ಹೆಚ್ಚಾಗಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಪೂರೈಸುತ್ತವೆ. ಉದಾಹರಣೆಗೆ, 40 ಮಿ.ಮೀ. ವ್ಯಾಸದ ಶಾಫ್ಟಿನ ಎರಡೂ ತುದಿಗಳಲ್ಲಿ ಬೇರಿಂಗ್ ಕೂರುವ ಭಾಗಗಳಿಗೆ ನಕ್ಷೆಯಲ್ಲಿ ಕೆ6 ಎಂಬ ಶ್ರೇಣಿಯನ್ನು ನಮೂದಿಸಿದ್ದರೆ, ವ್ಯಾಸವು 40.002 ಮಿ.ಮೀ.ಗಿಂತ ಕಡಿಮೆಯಾಗಲೀ 40.018 ಮಿ.ಮೀ.ಗಿಂತ ಹೆಚ್ಚಾಗಲೀ ಇರುವಂತಿಲ್ಲ. ಅಂದರೆ ಅನುಮತಿಸಿದ ಒಟ್ಟು ಅಂತರ 0.016 ಮಿ.ಮೀ. ಮಾತ್ರ. ಲೇತ್ ಒಂದು ತುದಿಯಿಂದ ಇನ್ನೊಂದು ತುದಿಗೆ 0.03 ಮಿ.ಮೀ. ಓರೆ ಕಡೆಯುತ್ತಿದ್ದರೆ, ಕೆಲಸಗಾರನು ಎಷ್ಟೇ ಎಚ್ಚರ ವಹಿಸಿದರೂ ಒಂದೇ ಅಳವಡಿಕೆಯಲ್ಲಿ ಎರಡೂ ಭಾಗಗಳು ಪರಿಮಿತಿಯೊಳಗೆ ಬರುವುದಿಲ್ಲ. ಮಾಲು ತಿರಸ್ಕೃತವಾಗುತ್ತದೆ, ಕಚ್ಚಾವಸ್ತುವಿನ ವೆಚ್ಚವೂ ಘಟಕದ ತಲೆಗೆ ಬರುತ್ತದೆ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಇಂತಹ ಸಂದರ್ಭದಲ್ಲಿ ಯಂತ್ರ ಸವೆದುಹೋಗಿದೆ ಎಂದು ಭಾವಿಸಿ ಅದನ್ನು ಕಡಿಮೆ ಬೆಲೆಗೆ ಮಾರಿ, ಮತ್ತೊಂದು ಯಂತ್ರಕ್ಕೆ ಸಾಲ ಮಾಡುವುದುಂಟು. ಓರೆ ಕಡೆಯುವ ಲೇತ್‌ಗಳಲ್ಲಿ ಹಲವು ಸವೆದಿರುವುದೇ ಇಲ್ಲ. ಅವು ತಮ್ಮ ಪಾದಗಳ ಮೇಲೆ ಸರಿಯಾಗಿ ನಿಂತಿರುವುದಿಲ್ಲ, ಅಷ್ಟೆ. ಇದನ್ನು ಪತ್ತೆ ಹಚ್ಚುವ ಕ್ರಮವನ್ನು ಮುಂದೆ ವಿವರವಾಗಿ ನೀಡಲಾಗಿದೆ.

ಸುರಕ್ಷತೆ

ಯಾವುದೇ ಹೊಂದಾಣಿಕೆ ಅಥವಾ ಶುಚಿಗೊಳಿಸುವ ಕೆಲಸಕ್ಕೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಕೆಲಸ ಮಾಡುವವರೇ ಇಟ್ಟುಕೊಳ್ಳತಕ್ಕದ್ದು. ಚಕ್ ಕೀಲಿಯನ್ನು ಚಕ್ಕಿನಲ್ಲಿಯೇ ಬಿಟ್ಟು ಯಂತ್ರವನ್ನು ಚಾಲನೆಗೊಳಿಸುವುದು ಅತ್ಯಂತ ಅಪಾಯಕಾರಿ. ಕೈ ಬಿಟ್ಟೊಡನೆ ತಾನಾಗಿ ಹೊರಬರುವ ಸ್ಪ್ರಿಂಗ್ ಅಳವಡಿಸಿದ ಕೀಲಿಯನ್ನು ಬಳಸುವುದು ಉತ್ತಮ. ತಿರುಗುವ ಯಂತ್ರದ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಉತ್ತರೀಯ, ಕೈಬಳೆ ಮತ್ತು ಉಂಗುರ ಧರಿಸಕೂಡದು. ಕೈಗವಸು ರಕ್ಷಣೆ ನೀಡುತ್ತದೆಂಬುದು ಇತರ ಕೆಲಸಗಳಲ್ಲಿ ನಿಜವಿರಬಹುದು. ಲೇತ್‌ನಲ್ಲಿ ಅದು ಬೆರಳಿನೊಂದಿಗೆ ಕೈಯನ್ನೂ ಎಳೆದೊಯ್ಯುತ್ತದೆ. ಉದ್ದನೆಯ ಲೋಹದ ಸುರುಳಿಯನ್ನು ಕೊಕ್ಕೆಯಿಂದ, ಯಂತ್ರ ನಿಂತ ಬಳಿಕವೇ ತೆಗೆಯತಕ್ಕದ್ದು.

ಹೆಡ್‌ಸ್ಟಾಕಿನ ಹಿಂಬದಿಯಿಂದ ಹೊರಚಾಚಿದ ತೆಳು ಸರಳು ವೇಗ ಹೆಚ್ಚಿದಾಗ ಹಠಾತ್ತನೆ ಬಾಗಿ ಚಾಟಿಯಂತೆ ಸುತ್ತಲಿನವರಿಗೆ ಬಡಿಯುತ್ತದೆ. ಇದಕ್ಕೆ ಭದ್ರವಾದ ಕಾವಲು ಹಾಕಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮದ 21ನೇ ಪ್ರಕರಣವು ಲೇತ್ ಯಂತ್ರವನ್ನು ಹೆಸರಿಸಿಯೇ ವಿಧಿಸಿತ್ತು. ಆ ಅಧಿನಿಯಮದ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾನೂನಿನ ವ್ಯಾಪ್ತಿಗೆ ಬಾರದಷ್ಟು ಚಿಕ್ಕ ಘಟಕದಲ್ಲಿಯೂ ಸರಳು ಅಷ್ಟೇ ಬಲವಾಗಿ ಬಡಿಯುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಪ್ರತಿದಿನದ ಕೆಲಸ

ದಿನದ ಕೆಲಸ ಆರಂಭಿಸುವ ಮುನ್ನ ಬೆಡ್ಡಿನ ಜಾರುಪಟ್ಟಿಗಳನ್ನು ಬಟ್ಟೆಯಿಂದ ಒರೆಸಿ, ಹೊಸ ಎಣ್ಣೆಯ ತೆಳು ಪದರ ಹಚ್ಚಿ, ಕ್ಯಾರೇಜನ್ನು ಕೈಯಿಂದ ಬೆಡ್ಡಿನ ಪೂರ್ಣ ಉದ್ದಕ್ಕೆ ಒಮ್ಮೆ ಚಲಿಸತಕ್ಕದ್ದು. ಜಾರುಪಟ್ಟಿಗಳಿಗೆ ಐಎಸ್‌ಒ ವಿಜಿ 68 ದರ್ಜೆಯ ಸ್ಲೈಡ್‌ವೇ ಎಣ್ಣೆ ಸಾಮಾನ್ಯವಾಗಿ ಸೂಕ್ತವಾಗಿದೆ. ವಾಹನದಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಬಳಸುವ ಅಭ್ಯಾಸ ವ್ಯಾಪಕವಾಗಿದ್ದು, ಇದನ್ನು ಕೈಬಿಡುವುದು ಅವಶ್ಯ. ಸದರಿ ಎಣ್ಣೆಯಲ್ಲಿ ಲೋಹದ ಕಣಗಳು ತೇಲುತ್ತಿದ್ದು, ಅದನ್ನು ಹಚ್ಚುವುದೆಂದರೆ ಯಂತ್ರಕ್ಕೆ ಉಜ್ಜುವ ಮಸಿ ಹಚ್ಚಿದಂತೆ.

ಹೆಡ್‌ಸ್ಟಾಕ್, ಫೀಡ್ ಗೇರ್‌ಬಾಕ್ಸ್ ಮತ್ತು ಆಪ್ರಾನ್‌ಗಳ ಗಾಜಿನ ಕಿಂಡಿಯಲ್ಲಿ ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದಲ್ಲಿ ತಂಪುದ್ರವ ಒಳಸೇರಿದೆ ಎಂದರ್ಥ. ಎಣ್ಣೆಯನ್ನು ಮೇಲಿಂದ ತುಂಬುವುದರಿಂದ ಪ್ರಯೋಜನವಿಲ್ಲ, ಪೂರ್ಣ ಬದಲಾಯಿಸಿ ಸೋರಿಕೆಯ ಮೂಲವನ್ನು ಹುಡುಕಬೇಕಾಗುತ್ತದೆ.

ಸಂಜೆ ಲೋಹದ ಚೂರುಗಳನ್ನು ಕುಂಚದಿಂದ ತೆಗೆಯತಕ್ಕದ್ದು. ಗಾಳಿಯ ಒತ್ತಡದಿಂದ ಊದುವುದು ವೇಗದ ಕೆಲಸವೆಂದು ತೋರಿದರೂ, ಅದು ಚೂರುಗಳನ್ನು ಕ್ಯಾರೇಜಿನ ಅಡಿಗೂ ಬೇರಿಂಗ್‌ಗಳ ಸಂದಿಗೂ ನುಗ್ಗಿಸುತ್ತದೆ; ಕಣ್ಣಿಗೂ ಅಪಾಯ. ಕ್ಯಾರೇಜಿನ ಎರಡೂ ಬದಿಯಲ್ಲಿರುವ ಒರೆಸುವ ಫೆಲ್ಟ್ ಪಟ್ಟಿಗಳು ಗಟ್ಟಿಯಾಗಿದ್ದರೆ ಬದಲಾಯಿಸಬೇಕು. ಅಗ್ಗದ ಈ ಪಟ್ಟಿಯೇ ಬೆಲೆಬಾಳುವ ಬೆಡ್ಡನ್ನು ಕಾಯುತ್ತದೆ.

ಎರಕದ ಕಬ್ಬಿಣವನ್ನು ಕಡೆಯುವ ಘಟಕಗಳಲ್ಲಿ, ವಿಶೇಷವಾಗಿ ಬೆಳಗಾವಿಯಂತಹ ಫೌಂಡ್ರಿ ಕೇಂದ್ರಗಳಲ್ಲಿ, ಎರಕದ ಮೇಲ್ಪದರಕ್ಕೆ ಅಂಟಿದ ಮರಳು ಪುಡಿಯಾಗಿ ಬೆಡ್ಡಿನ ಮೇಲೆ ಬೀಳುತ್ತದೆ. ಅದು ಎಣ್ಣೆಯೊಂದಿಗೆ ಬೆರೆತು ಉಜ್ಜುವ ಲೇಪವಾಗುವುದರಿಂದ, ಅಂತಹ ಕೆಲಸದ ಸಮಯದಲ್ಲಿ ಬೆಡ್ಡನ್ನು ದಪ್ಪ ಬಟ್ಟೆ ಅಥವಾ ಹಾಳೆಯಿಂದ ಮುಚ್ಚಿ, ಅದು ಲೀಡ್‌ಸ್ಕ್ರೂ ಅಥವಾ ಚಕ್ಕಿಗೆ ಸಿಕ್ಕಿಕೊಳ್ಳದಂತೆ ಎಚ್ಚರ ವಹಿಸತಕ್ಕದ್ದು. ಕರಾವಳಿಯ ಘಟಕಗಳಿಗೆ ಬೇರೆಯೇ ತೊಂದರೆ: ಮಳೆಗಾಲದಲ್ಲಿ ಒರೆಸಿದ ಬೆಡ್ಡು ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗಬಹುದು. ಅಲ್ಲಿ ಸಂಜೆಯ ಎಣ್ಣೆಯೇ ಬೆಳಗಿನದಕ್ಕಿಂತ ಮುಖ್ಯ.

ನೀರಿನಲ್ಲಿ ಕರಗುವ ತಂಪುದ್ರವವನ್ನು ಸಾಮಾನ್ಯವಾಗಿ 20 ಭಾಗ ನೀರಿಗೆ 1 ಭಾಗ ಎಣ್ಣೆಯಂತೆ, ನೀರಿಗೆ ಎಣ್ಣೆ ಸುರಿದು ಕಲಸತಕ್ಕದ್ದು. ಎಣ್ಣೆಗೆ ನೀರು ಸುರಿದರೆ ಮಿಶ್ರಣ ಒಡೆಯುತ್ತದೆ. ಸೋಮವಾರ ಬೆಳಿಗ್ಗೆ ತೊಟ್ಟಿಯಿಂದ ಕೊಳೆತ ವಾಸನೆ ಬಂದರೆ ದ್ರವದಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದು ತಿಳಿದು ತೊಟ್ಟಿಯನ್ನು ತೊಳೆದು ಹೊಸದಾಗಿ ತುಂಬಬೇಕು.

ನಿಯತಕಾಲಿಕ ಪರಿಶೀಲನೆ

ವಿ-ಬೆಲ್ಟಿನ ಬಿಗಿತವನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಬಹುದು. ಅರ್ಧ ಮೀಟರ್ ಅಂತರಕ್ಕೆ ಸುಮಾರು 8 ಮಿ.ಮೀ. ತಗ್ಗುವುದು ಸರಿಯಾದ ಪ್ರಮಾಣ. ಒಂದು ಬೆಲ್ಟ್ ತುಂಡಾದರೂ ಪೂರ್ಣ ಜೊತೆಯನ್ನೇ ಬದಲಾಯಿಸತಕ್ಕದ್ದು, ಇಲ್ಲವಾದಲ್ಲಿ ಹೊಸದೊಂದೇ ಭಾರ ಹೊರುತ್ತದೆ. ಲೀಡ್‌ಸ್ಕ್ರೂ ಅಥವಾ ಫೀಡ್ ಶಾಫ್ಟಿಗೆ ಜೋಡಿಸಿದ ಶಿಯರ್ ಪಿನ್ ಪದೇ ಪದೇ ತುಂಡಾಗುತ್ತದೆಂದು ಅದರ ಬದಲಿಗೆ ಗಟ್ಟಿ ಉಕ್ಕಿನ ಬೋಲ್ಟ್ ಹಾಕಕೂಡದು. ಪಿನ್ ತುಂಡಾಗುವುದೇ ಅದರ ಕೆಲಸ. ಅದು ತುಂಡಾಗದಿದ್ದರೆ ಗೇರ್‌ಗಳ ಹಲ್ಲುಗಳು ತುಂಡಾಗುತ್ತವೆ.

ವರ್ಷಕ್ಕೊಮ್ಮೆಯಾದರೂ ಚಕ್ಕನ್ನು ಇಳಿಸಿ, ಒಳಗಿನ ಸುರುಳಿಯನ್ನು ಶುಚಿಗೊಳಿಸಬೇಕು. 200 ಮಿ.ಮೀ. ಗಾತ್ರದ ಚಕ್ಕು ಸುಮಾರು 15 ಕಿಲೋಗ್ರಾಂ ತೂಗುವುದರಿಂದ ಮೊದಲು ಬೆಡ್ಡಿನ ಮೇಲೆ ಮರದ ಹಲಗೆ ಇರಿಸತಕ್ಕದ್ದು. ದವಡೆಗಳನ್ನು ಅವುಗಳ ಮೇಲೆ ಕೆತ್ತಿದ 1, 2, 3 ಎಂಬ ಅಂಕಿಗಳ ಕ್ರಮದಲ್ಲಿಯೇ ಮರುಜೋಡಿಸತಕ್ಕದ್ದು. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಸೂಕ್ತ. ಮೂರು ದವಡೆಯ ಸಾಮಾನ್ಯ ಚಕ್ಕಿನಲ್ಲಿ ಹಿಡಿದ ಸರಳು 0.05ರಿಂದ 0.1 ಮಿ.ಮೀ. ಅಲುಗುತ್ತಾ ತಿರುಗುವುದು ಸಾಮಾನ್ಯವಾಗಿದ್ದು, ಅದು ಲೇತ್‌ನ ದೋಷವಲ್ಲ. ಸ್ಪಿಂಡಲ್ ಅನ್ನು ಪರೀಕ್ಷಿಸಬೇಕಾದಲ್ಲಿ ಡಯಲ್ ಇಂಡಿಕೇಟರನ್ನು ಚಕ್ಕಿಗಲ್ಲ, ಸ್ಪಿಂಡಲಿನ ಮೂತಿಗೇ ತಾಗಿಸಿ ನೋಡತಕ್ಕದ್ದು. ಸುಸ್ಥಿತಿಯ ಯಂತ್ರದಲ್ಲಿ ಮುಳ್ಳು 0.01 ಮಿ.ಮೀ. ಆಸುಪಾಸಿನಲ್ಲಿ ಮಾತ್ರ ಚಲಿಸುತ್ತದೆ. ಸ್ಪಿಂಡಲ್ ಬೇರಿಂಗ್‌ಗಳ ಬಿಗಿತವನ್ನು ಕೈಪಿಡಿ ಅಥವಾ ಅನುಭವಿ ಫಿಟ್ಟರ್‌ನ ನೆರವಿಲ್ಲದೆ ಬದಲಾಯಿಸಕೂಡದು. ಅತಿಯಾಗಿ ಬಿಗಿಗೊಳಿಸಿದ ಬೇರಿಂಗ್ ಮೊದಲ ಗಂಟೆಯಲ್ಲಿ ಬಹಳ ನಿಖರವಾಗಿ ಕೆಲಸ ಮಾಡಿ, ನಂತರ ಕಾಯ್ದು ಹಾಳಾಗುತ್ತದೆ.

ಗಿಬ್ ಪಟ್ಟಿಗಳು ಮತ್ತು ಹಿನ್ನಡೆ

ಕ್ರಾಸ್ ಸ್ಲೈಡ್ ಮತ್ತು ಕಾಂಪೌಂಡ್ ಸ್ಲೈಡ್‌ಗಳಲ್ಲಿ ಜಾರುಭಾಗಗಳ ನಡುವಿನ ಸಡಿಲವನ್ನು ಗಿಬ್ ಎಂಬ ಲೋಹಪಟ್ಟಿ ನಿಯಂತ್ರಿಸುತ್ತದೆ. ಚಪ್ಪಟೆ ಗಿಬ್ಬಿಗೆ ಪಕ್ಕದಲ್ಲಿ ಸಾಲಾಗಿ ಸ್ಕ್ರೂ ಮತ್ತು ಲಾಕ್ ನಟ್‌ಗಳಿರುತ್ತವೆ. ಓರೆ ಗಿಬ್ಬಿಗೆ ಎರಡು ತುದಿಗಳಲ್ಲಿ ಒಂದೊಂದು ಸ್ಕ್ರೂ ಇದ್ದು, ಒಂದನ್ನು ಸಡಿಲಿಸಿದ ಮೇಲೆಯೇ ಇನ್ನೊಂದನ್ನು ಬಿಗಿಗೊಳಿಸತಕ್ಕದ್ದು. ಬಿಗಿಗೊಳಿಸುವ ಮುನ್ನ ಪಟ್ಟಿಯನ್ನು ತೆಗೆದು ಸೀಮೆಎಣ್ಣೆಯಿಂದ ತೊಳೆದು ಎಣ್ಣೆ ಹಚ್ಚುವುದು ಅವಶ್ಯ. ಅನೇಕ ಬಾರಿ ಸಡಿಲವೆಂದು ತೋರುವುದು ಕೊಳೆಯಿಂದ ಓರೆಯಾಗಿ ಕುಳಿತ ಪಟ್ಟಿಯಾಗಿರುತ್ತದೆ.

ಹಳೆಯ ಯಂತ್ರದಲ್ಲಿ ಸ್ಲೈಡಿನ ಮಧ್ಯಭಾಗ ಹೆಚ್ಚು ಸವೆದಿರುತ್ತದೆ. ಮಧ್ಯದಲ್ಲಿ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ ತುದಿಗಳಲ್ಲಿ ಸ್ಲೈಡು ಸಿಕ್ಕಿಕೊಳ್ಳುವುದರಿಂದ, ಅತ್ಯಂತ ಬಿಗಿಯಾದ ಸ್ಥಳವನ್ನು ಹುಡುಕಿ ಅಲ್ಲಿಗೆ ಹೊಂದಿಸತಕ್ಕದ್ದು. ಹಿಡಿಕೆಯು ಸಮನಾದ, ಸ್ವಲ್ಪ ಭಾರವಾದ ಚಲನೆ ನೀಡಬೇಕು.

ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಾಗ ಸ್ಲೈಡು ಚಲಿಸುವ ಮೊದಲು ಖಾಲಿ ತಿರುಗುವ ಪ್ರಮಾಣವನ್ನು ಹಿನ್ನಡೆ ಅಥವಾ ಬ್ಯಾಕ್‌ಲಾಶ್ ಎನ್ನಲಾಗುತ್ತದೆ. 0.1ರಿಂದ 0.2 ಮಿ.ಮೀ. ಹಿನ್ನಡೆ ಆತಂಕಕ್ಕೆ ಕಾರಣವಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬಂದರೆ, ಮುಂದೆ ಹೋದಾಗ ಪೂರ್ಣ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದುವರಿದರೆ, ಅದು ಕೆಲಸದ ಅಳತೆಯನ್ನು ಕೆಡಿಸುವುದಿಲ್ಲ. ನಟ್ಟಿನಲ್ಲಿ ಬಿಗಿಗೊಳಿಸುವ ಸ್ಕ್ರೂ ಇದ್ದಲ್ಲಿ ಅಲ್ಪ ಪ್ರಮಾಣದಲ್ಲಿ ಬಳಸಬಹುದು.

ಬೆಡ್ಡಿನ ತಿರುಚು: ಓರೆ ಕಡೆಯುವಿಕೆಯ ಪ್ರಮುಖ ಕಾರಣ

ಲೇತ್‌ನ ಬೆಡ್ಡು ಭಾರವಾದ ಎರಕವಾಗಿದ್ದರೂ ಕಲ್ಲಿನಂತೆ ಅಚಲವಲ್ಲ. ನಾಲ್ಕು ಪಾದಗಳಲ್ಲಿ ಒಂದು ಮೇಲೆ ಅಥವಾ ಕೆಳಗೆ ಇದ್ದಾಗ ಹಾಗೂ ಅಡಿಪಾಯದ ಬೋಲ್ಟುಗಳನ್ನು ಹಾಗೆಯೇ ಬಿಗಿದಾಗ ಬೆಡ್ಡು ಒದ್ದೆ ಬಟ್ಟೆ ಹಿಂಡಿದಂತೆ ಅಲ್ಪ ತಿರುಚಿಕೊಳ್ಳುತ್ತದೆ. ಆಗ ಕ್ಯಾರೇಜು ಚಲಿಸುತ್ತಾ ವಾಲುವುದರಿಂದ ಬೆಡ್ಡಿನಿಂದ ಎತ್ತರದಲ್ಲಿರುವ ಕಡೆಯುವ ಉಳಿಯ ತುದಿ ಕೆಲಸದ ವಸ್ತುವಿನ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ. ಸೆಂಟರಿನ ಎತ್ತರ 200 ಮಿ.ಮೀ., ಮುಂದಿನ ಮತ್ತು ಹಿಂದಿನ ಪಾದಗಳ ಅಂತರ 400 ಮಿ.ಮೀ. ಇರುವ ಯಂತ್ರದಲ್ಲಿ ಒಂದು ಪಾದ 0.1 ಮಿ.ಮೀ. ಏರಿ ಬೆಡ್ಡು ಅಷ್ಟೇ ವಾಲಿದರೆ, ಆ ತುದಿಯಲ್ಲಿ ಉಳಿ 0.05 ಮಿ.ಮೀ. ಸರಿದು ವ್ಯಾಸದಲ್ಲಿ 0.1 ಮಿ.ಮೀ. ವ್ಯತ್ಯಾಸವಾಗುತ್ತದೆ. ಕಾಗದದ ಒಂದು ಹಾಳೆಯ ದಪ್ಪದಷ್ಟು ಎತ್ತರ, ಮೇಲೆ ಹೇಳಿದ ಶಾಫ್ಟಿನ ಪರಿಮಿತಿಯ ಆರು ಪಟ್ಟು ದೋಷವನ್ನು ಉಂಟುಮಾಡಬಲ್ಲದು.

ಯಂತ್ರ ನೆಲಕ್ಕೆ ಸಮತಲವಾಗಿರಬೇಕೆಂಬುದು ಇಲ್ಲಿನ ಮುಖ್ಯ ವಿಷಯವಲ್ಲ. ಹಡಗುಗಳ ಕಾರ್ಯಾಗಾರಗಳಲ್ಲಿ ಲೇತ್‌ಗಳು ಒಂದು ಕ್ಷಣವೂ ಸಮತಲದಲ್ಲಿ ಇರದೆ ಸರಿಯಾಗಿ ಕಡೆಯುತ್ತವೆ. ಬೆಡ್ಡಿನ ಎರಡು ತುದಿಗಳು ಒಂದಕ್ಕೊಂದು ಸಮಾನವಾಗಿ ನಿಂತಿರಬೇಕು. ಸ್ಪಿರಿಟ್ ಲೆವೆಲ್ ಅದನ್ನು ಹೋಲಿಸುವ ಸಾಧನ ಮಾತ್ರ.

ಇದಕ್ಕಾಗಿ ಮೀಟರಿಗೆ 0.02 ಮಿ.ಮೀ. ಸೂಕ್ಷ್ಮತೆಯ ಯಂತ್ರ ಲೆವೆಲ್ ಬೇಕಾಗುತ್ತದೆ. ಗಾರೆ ಕೆಲಸದ ರಸಮಟ್ಟ ಸಾಲದು. ಲೆವೆಲನ್ನು ಬೆಡ್ಡಿಗೆ ಅಡ್ಡಲಾಗಿ ಮೊದಲು ಹೆಡ್‌ಸ್ಟಾಕಿನ ಬಳಿ, ನಂತರ ಟೇಲ್‌ಸ್ಟಾಕಿನ ಬಳಿ ಇರಿಸಿ, ದಿಕ್ಕು ಬದಲಾಯಿಸದೆ ಎರಡೂ ಕಡೆ ಗುಳ್ಳೆಯ ಸ್ಥಾನ ಓದತಕ್ಕದ್ದು. ಓದುಗಳು ಸಮನಾಗುವವರೆಗೆ ಟೇಲ್‌ಸ್ಟಾಕ್ ತುದಿಯ ಪಾದಗಳ ಸ್ಕ್ರೂಗಳನ್ನು ತಿರುಗಿಸಿ ಅಥವಾ ಶಿಮ್ ಎಂಬ ತೆಳು ತಗಡುಗಳನ್ನು ಸೇರಿಸಿ ಹೊಂದಿಸಬೇಕು. ಬೋಲ್ಟ್ ಬಿಗಿದ ನಂತರ ಮತ್ತೊಮ್ಮೆ ನೋಡುವುದು ಕಡ್ಡಾಯ. ಹೊಸ ಕಾಂಕ್ರೀಟಿನ ಮೇಲೆ ನಿಲ್ಲಿಸಿದ ಯಂತ್ರವನ್ನು ಒಂದು ವಾರದ ನಂತರವೂ ಒಂದು ತಿಂಗಳ ನಂತರವೂ ಮರುಪರೀಕ್ಷಿಸತಕ್ಕದ್ದು.

ಲೆವೆಲ್ ಲಭ್ಯವಿಲ್ಲದ ಘಟಕಗಳು, ಹಾಗೂ ಲೆವೆಲಿನಿಂದ ಹೊಂದಿಸಿದವರು ಸಹ, ಎರಡು ಪಟ್ಟಿಯ ಪರೀಕ್ಷೆಯನ್ನು ನಡೆಸಬಹುದು. 40ರಿಂದ 50 ಮಿ.ಮೀ. ವ್ಯಾಸದ ಮೃದು ಉಕ್ಕಿನ ಸರಳನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕಿನ ಆಸರೆ ನೀಡದೆ, ಸುಮಾರು 150 ಮಿ.ಮೀ. ಅಂತರದಲ್ಲಿ ಎರಡು ಪಟ್ಟಿಗಳು ಉಳಿಯುವಂತೆ ಮಧ್ಯಭಾಗವನ್ನು ತಗ್ಗಿಸಿ ಕಡೆಯಬೇಕು. ನಂತರ ಹರಿತವಾದ ಉಳಿಯಿಂದ ಅತಿ ತೆಳುವಾಗಿ, ಕ್ರಾಸ್ ಸ್ಲೈಡನ್ನು ಮುಟ್ಟದೆ, ಎರಡೂ ಪಟ್ಟಿಗಳನ್ನು ಒಂದೇ ಸಾಲಿನಲ್ಲಿ ಕಡೆದು ಮೈಕ್ರೋಮೀಟರಿನಿಂದ ಅಳೆಯತಕ್ಕದ್ದು. ಆಳವಾಗಿ ಕಡೆದರೆ ಸರಳೇ ಬಾಗಿ ಹೊರತುದಿ ದಪ್ಪವೆಂದು ಸುಳ್ಳು ಹೇಳುತ್ತದೆ.

ಟೇಲ್‌ಸ್ಟಾಕ್ ಕಡೆಯ ಪಟ್ಟಿ ದಪ್ಪವಾಗಿದ್ದರೆ ಉಳಿ ಅಲ್ಲಿ ದೂರ ಸರಿದಿದೆ. ಟೇಲ್‌ಸ್ಟಾಕ್ ತುದಿಯ ಮುಂದಿನ, ಅಂದರೆ ಕೆಲಸಗಾರನ ಬದಿಯ ಪಾದವನ್ನು ಅಲ್ಪ ಏರಿಸಬೇಕು. ಆ ಪಟ್ಟಿ ತೆಳುವಾಗಿದ್ದರೆ ಹಿಂದಿನ ಪಾದವನ್ನು ಏರಿಸಬೇಕು. ಪ್ರತಿ ಬಾರಿಯೂ ಹೊಸದಾಗಿ ಕಡೆದು ಅಳೆದು, ವ್ಯತ್ಯಾಸವು 0.01 ಮಿ.ಮೀ. ಒಳಗೆ ಬರುವವರೆಗೆ ಮುಂದುವರಿಸುವುದು. ಅವಸರ ಮಾಡದಿದ್ದಲ್ಲಿ ಈ ಕೆಲಸಕ್ಕೆ ಅರ್ಧ ದಿನ ಬೇಕಾಗಬಹುದು.

ಪಾದಗಳನ್ನು ಹೊಂದಿಸಿ ಲೆವೆಲ್ ಓದುಗಳು ಸಮನಾದ ಮೇಲೂ ಚಕ್ಕಿನ ಬಳಿಯ ಪಟ್ಟಿಯೇ ದಪ್ಪವಾಗಿ ಉಳಿದಲ್ಲಿ, ಆಗ ಮಾತ್ರ ಸವಕಳಿಯನ್ನು ಶಂಕಿಸಬಹುದು. ಕ್ಯಾರೇಜು ಹೆಚ್ಚು ಓಡಾಡುವುದು ಚಕ್ಕಿನ ಹತ್ತಿರ. ಅಲ್ಲಿ ಮುಂದಿನ ಜಾರುಪಟ್ಟಿ ಸವೆದಾಗ ಕ್ಯಾರೇಜು ಮುಂದಕ್ಕೆ ವಾಲಿ ಉಳಿ ಹಿಂಜರಿಯುತ್ತದೆ. ಇದನ್ನು ಪಾದಗಳಿಂದ ಸರಿಪಡಿಸಲಾಗದು, ಬೆಡ್ಡನ್ನು ಗ್ರೈಂಡ್ ಮಾಡಿಸಬೇಕಾಗುತ್ತದೆ.

ಟೇಲ್‌ಸ್ಟಾಕ್

ಬೆಡ್ಡಿನ ಕೆಲಸ ಮುಗಿದ ನಂತರವೇ ಟೇಲ್‌ಸ್ಟಾಕನ್ನು ಹೊಂದಿಸತಕ್ಕದ್ದು. ಈ ಕ್ರಮವನ್ನು ತಲೆಕೆಳಗು ಮಾಡುವುದೇ ಕಾರ್ಯಾಗಾರಗಳಲ್ಲಿ ಕಂಡುಬರುವ ಸಾಮಾನ್ಯ ದೋಷ. ತಿರುಚಿದ ಬೆಡ್ಡಿನ ದೋಷವನ್ನು ಟೇಲ್‌ಸ್ಟಾಕ್ ಸರಿಸಿ ಮುಚ್ಚಿದಾಗ, ಆ ಒಂದು ಉದ್ದದ ಕೆಲಸ ಸರಿಬರುತ್ತದೆ. ಮುಂದಿನ ಆದೇಶದಲ್ಲಿ ಉದ್ದ ಬದಲಾದೊಡನೆ, ಅಥವಾ ಚಕ್ಕಿನಲ್ಲಿ ಮಾತ್ರ ಹಿಡಿದು ಕಡೆದೊಡನೆ, ದೋಷ ಮರಳುತ್ತದೆ.

ಎರಡು ಸೆಂಟರ್‌ಗಳ ನಡುವೆ ಸುಮಾರು 300 ಮಿ.ಮೀ. ಉದ್ದದ ಸರಳನ್ನು ಹಿಡಿದು ತೆಳುವಾಗಿ ಕಡೆದು ಎರಡೂ ತುದಿಗಳನ್ನು ಅಳೆಯಬೇಕು. ಟೇಲ್‌ಸ್ಟಾಕ್ ತುದಿ ದಪ್ಪವಾಗಿದ್ದರೆ ಬಿಗಿ ಹಿಡಿಕೆಯನ್ನು ಸಡಿಲಿಸಿ, ಪಕ್ಕದ ಸ್ಕ್ರೂಗಳಿಂದ ಟೇಲ್‌ಸ್ಟಾಕನ್ನು ಕೆಲಸಗಾರನ ಕಡೆಗೆ, ವ್ಯಾಸದ ವ್ಯತ್ಯಾಸದ ಅರ್ಧದಷ್ಟು ಸರಿಸತಕ್ಕದ್ದು. ಡಯಲ್ ಇಂಡಿಕೇಟರನ್ನು ತಾಗಿಸಿಟ್ಟುಕೊಂಡರೆ ಊಹೆಯ ಅಗತ್ಯವಿರುವುದಿಲ್ಲ.

ಅಳತೆಯನ್ನು ಸರಳು ತಣಿದ ಮೇಲೆ ಮಾಡತಕ್ಕದ್ದು. 100 ಮಿ.ಮೀ. ವ್ಯಾಸದ ಉಕ್ಕು 20 ಡಿಗ್ರಿ ಸೆಲ್ಸಿಯಸ್ ಕಾಯ್ದಾಗ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ. ಬಿಸಿಯಾಗಿದ್ದಾಗ ಸರಿಯಾಗಿ ಅಳೆದ ಕೆಲಸ ಮರುದಿನ ಬೆಳಿಗ್ಗೆ ಸಣ್ಣದಾಗಿರುವುದಕ್ಕೆ ಯಂತ್ರವನ್ನು ದೂಷಿಸುವಂತಿಲ್ಲ.

ಹಳೆಯ ಯಂತ್ರ ಖರೀದಿಸುವವರ ಗಮನಕ್ಕೆ

ಹೊಸದಾಗಿ ಬಣ್ಣ ಬಳಿದ ಯಂತ್ರಕ್ಕಿಂತ ಎಣ್ಣೆ ಮೆತ್ತಿದ ಹಳೆಯ ಬಣ್ಣದ ಯಂತ್ರ ಹೆಚ್ಚು ವಿಷಯ ತಿಳಿಸುತ್ತದೆ. ಖರೀದಿಗೆ ಮುನ್ನ ಯಂತ್ರವನ್ನು ಚಾಲನೆಯಲ್ಲಿ ನೋಡಿ, ಎಲ್ಲ ವೇಗಗಳಲ್ಲಿ ಗೇರ್ ಶಬ್ದ ಕೇಳಿ, ಚಕ್ಕಿನ ಬಳಿ ಕ್ಯಾರೇಜನ್ನು ಸ್ವಲ್ಪ ಬಿಗಿಯಾಗಿ ಲಾಕ್ ಮಾಡಿ ಟೇಲ್‌ಸ್ಟಾಕಿನ ಕಡೆಗೆ ಚಲಿಸಿ ನೋಡಬಹುದು. ಅಲ್ಲಿ ಸುಲಭವಾಗಿ ಸರಿಯುವ ಕ್ಯಾರೇಜು ದೂರದಲ್ಲಿ ಸಿಕ್ಕಿಕೊಂಡರೆ ಬೆಡ್ಡು ಸವೆದಿದೆ. ಮಾರಾಟಗಾರರ ಆವರಣದಲ್ಲಿ ಅಡಿಪಾಯವಿಲ್ಲದೆ ನಿಂತಿರುವ ಯಂತ್ರ ಓರೆ ಕಡೆದರೆ ಅದೊಂದನ್ನೇ ದೋಷವೆಂದು ಪರಿಗಣಿಸಬೇಕಿಲ್ಲ, ಆದರೆ ಬೆಲೆ ಮಾತನಾಡುವಾಗ ಪ್ರಸ್ತಾಪಿಸಲು ಅಡ್ಡಿಯಿಲ್ಲ.

ಯಂತ್ರದ ನಿಖರತೆಯ ಪರೀಕ್ಷೆಗಳಿಗೆ ಜಾರ್ಜ್ ಶ್ಲೆಸಿಂಗರ್ ಅವರು 1927ರಲ್ಲಿ ಜರ್ಮನಿಯಲ್ಲಿ ಪ್ರಕಟಿಸಿದ ಕ್ರಮವೇ ಆಧಾರವಾಗಿದ್ದು, ಇಂದಿನ ಐಎಸ್‌ಒ 1708 ಮಾನಕವು ಸಾಮಾನ್ಯ ಲೇತ್‌ಗಳ ಸ್ವೀಕಾರ ಪರೀಕ್ಷೆಗಳನ್ನು ನಿರೂಪಿಸುತ್ತದೆ. ಹೊಸ ಯಂತ್ರದೊಂದಿಗೆ ತಯಾರಕರು ನೀಡುವ ಪರೀಕ್ಷಾ ಪಟ್ಟಿಯನ್ನು ಕೇಳಿ ಪಡೆದು, ಸಾಲದ ಕಾಗದಪತ್ರಗಳೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಯಂತ್ರವನ್ನು ಸ್ಥಳಾಂತರಿಸಿದಾಗಲೆಲ್ಲ ಲೆವೆಲ್ ಓದುಗಳನ್ನೂ ಎರಡು ಪಟ್ಟಿಯ ಪರೀಕ್ಷೆಯ ಅಳತೆಗಳನ್ನೂ, ಎಣ್ಣೆ ಬದಲಾಯಿಸಿದ ದಿನಾಂಕಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು. ಮುಂದೆ ಓರೆ ಕಾಣಿಸಿಕೊಂಡಾಗ ಮೊದಲು ತೆರೆಯಬೇಕಾದುದು ಹೆಡ್‌ಸ್ಟಾಕಿನ ಮುಚ್ಚಳವಲ್ಲ, ಆ ಪುಸ್ತಕ.